ಗೃಹ ಅಕ್ವೇರಿಯಂಗಳಲ್ಲಿ ದೊಡ್ಡ ಗಾತ್ರದ ಗುಂಪುಮೀನುಗಳ ಸಾಕಣೆ: ಪ್ರಸ್ತುತ ಸ್ಥಿತಿ ಮತ್ತು ನಾಗರಿಕರು ಅರಿಯಬೇಕಾದ ಅಂಶಗಳು

(ಅಲಂಕಾರಿಕ ಮೀನು ಸಾಕಣೆದಾರರು, ಮಾರಾಟಗಾರರು ಹಾಗೂ ಅಲಂಕಾರಿಕ ಮೀನು ಘಟಕಗಳ ಸ್ಥಾಪನೆಗೆ ಸಹಾಯಧನ ಕೋರಿ ಅರ್ಜಿ ಸಲ್ಲಿಸಲು ಇಚ್ಛಿಸುವ ನಾಗರಿಕರ ಮಾಹಿತಿಗಾಗಿ)

1. ಪೀಠಿಕೆ

2023ನೇ ಸಾಲಿನ ಏಪ್ರಿಲ್ ತಿಂಗಳಿನಲ್ಲಿ ಭೋಪಾಲ್ ನಗರದ ಕೆರೆಯೊಂದರಲ್ಲಿ ಮೊಸಳೆಯ ಮೂತಿಯನ್ನು ಹೋಲುವ ಅಪರಿಚಿತ ಮೀನೊಂದು ಬಲೆಗೆ ಬಿದ್ದಿತು. ಮರುತಿಂಗಳು ಶ್ರೀನಗರದ ದಾಲ್ ಸರೋವರವನ್ನು ಶುಚಿಗೊಳಿಸುವ ಸಂದರ್ಭದಲ್ಲಿ ಅದೇ ಜಾತಿಯ ಮೀನು ದೊರೆಯಿತು. ಎರಡೂ ಅಲಿಗೇಟರ್ ಗಾರ್ ಎಂಬ ಉತ್ತರ ಅಮೆರಿಕ ಮೂಲದ ಮೀನುಗಳು. ಇದಕ್ಕೆ ಐದು ವರ್ಷಗಳ ಮುನ್ನ, 2018ರ ಮಹಾಪ್ರವಾಹದ ತರುವಾಯ, ಕೇರಳದ ಒಳನಾಡು ಜಲಮೂಲಗಳಲ್ಲಿ ಅಮೆಜಾನ್ ಮೂಲದ ಅರಪೈಮಾ ಮತ್ತು ಪಾಕು ಮೀನುಗಳು ಬಲೆಗೆ ಬಿದ್ದಿದ್ದವು. ಬೆಂಗಳೂರಿನ ಕೆರೆಗಳಲ್ಲಿ ಸಕ್ಕರ್ ಮೀನು ಕಂಡುಬರುವುದು ಈಗ ಸುದ್ದಿಯಾಗಿಯೂ ಉಳಿದಿಲ್ಲ.

ಈ ಮೀನುಗಳಾವುವೂ ಸಾಗರ ದಾಟಿ ತಾವಾಗಿಯೇ ಈಜಿ ಬಂದವುಗಳಲ್ಲ. ಇಂತಹ ಪ್ರಕರಣಗಳಲ್ಲಿ ತಜ್ಞರ ಗಮನ ಮೊದಲು ಹೋಗುವುದು ಮನೆ, ಅಂಗಡಿ ಹಾಗೂ ಸಾಕಣೆ ಕೊಳಗಳ ಕಡೆಗೆ. ಸುದ್ದಿಯಾಗುವುದು ವಿಚಿತ್ರ ಆಕಾರದ ಒಂಟಿ ಮೀನು ಮಾತ್ರ. ಆದರೆ ನಾಗರಿಕರ ಮನೆಗಳಲ್ಲಿ ಹೆಚ್ಚಿನ ಸಂಖ್ಯೆಯಲ್ಲಿರುವುದು ಸಾಧು ಸ್ವಭಾವದ, ಗುಂಪಾಗಿ ಬಾಳುವ, ಆದರೆ ಬೆಳೆದಾಗ ಒಂದು ಅಡಿ ಅಥವಾ ಅದಕ್ಕೂ ಮೀರಿದ ಉದ್ದವನ್ನು ತಲುಪುವ ಮೀನುಗಳು. ಅಂಗಡಿಯಲ್ಲಿ ಎರಡು ಅಂಗುಲವಿದ್ದ ಮರಿಗಳು ಒಂದೆರಡು ವರ್ಷಗಳಲ್ಲಿ ತೊಟ್ಟಿಯನ್ನು ಮೀರಿದಾಗ ಕುಟುಂಬದವರು ಏನು ಮಾಡಬೇಕೆಂಬ ಪ್ರಶ್ನೆಗೆ ಖರೀದಿಯ ದಿನ ಯಾರೂ ಉತ್ತರ ಹೇಳಿರುವುದಿಲ್ಲ. ಈ ಪ್ರಶ್ನೆಯ ನಾನಾ ಮುಖಗಳನ್ನು, ಸಾಕಣೆಯ ವೆಚ್ಚವನ್ನು ಹಾಗೂ ಅನ್ವಯವಾಗುವ ನಿಯಮಗಳನ್ನು ಇಲ್ಲಿ ವಿಶ್ಲೇಷಿಸಲಾಗಿದೆ.

2. ಮಾರುಕಟ್ಟೆಯಲ್ಲಿ ದೊರೆಯುವ ಪ್ರಮುಖ ಗುಂಪುಮೀನುಗಳು

ಮೀನುಗಳ ವ್ಯಾಪಾರನಾಮ, ಮೂಲ ಹಾಗೂ ಪೂರ್ಣ ಬೆಳವಣಿಗೆಯ ಗರಿಷ್ಠ ಗಾತ್ರವು ಈ ಕೆಳಗಿನಂತಿದೆ:

(ಅ) ಸಿಲ್ವರ್ ಶಾರ್ಕ್ ಅಥವಾ ಬಾಲಾ ಶಾರ್ಕ್: ಮಲಯ ಪರ್ಯಾಯದ್ವೀಪ, ಸುಮಾತ್ರಾ ಮತ್ತು ಬೋರ್ನಿಯೊ ಮೂಲ, ಸುಮಾರು 35 ಸೆಂ.ಮೀ. ಹೆಸರಿನಲ್ಲಿ ಶಾರ್ಕ್ ಎಂದಿದ್ದರೂ ಇದು ಕಾಟ್ಲಾ, ರೋಹು ಮುಂತಾದ ಗೆಂಡೆ ಮೀನುಗಳ ಬಳಗಕ್ಕೆ ಸೇರಿದೆ.

(ಆ) ಟಿನ್‌ಫಾಯಿಲ್ ಬಾರ್ಬ್: ಆಗ್ನೇಯ ಏಷ್ಯಾ ಮೂಲ, ಸುಮಾರು 35 ಸೆಂ.ಮೀ.

(ಇ) ಪಂಗಾಸಿಯಸ್: ಮೆಕಾಂಗ್ ಮತ್ತು ಚಾವೊ ಫ್ರಯಾ ನದಿಗಳ ಮೂಲ, 130 ಸೆಂ.ಮೀ. ಉದ್ದ ಹಾಗೂ 44 ಕಿ.ಗ್ರಾಂ ತೂಕದವರೆಗೆ. ಇದರ ಮರಿಗಳನ್ನು ಅಕ್ವೇರಿಯಂ ಅಂಗಡಿಗಳಲ್ಲಿ ಕೇವಲ 'ಶಾರ್ಕ್' ಎಂಬ ಹೆಸರಿನಲ್ಲಿ ಮಾರಲಾಗುತ್ತದೆ.

(ಈ) ಕೆಂಪು ಹೊಟ್ಟೆಯ ಪಾಕು: ಅಮೆಜಾನ್ ಮತ್ತು ಒರಿನೊಕೊ ನದಿಗಳ ಮೂಲ, 88 ಸೆಂ.ಮೀ. ಉದ್ದ, 25 ಕಿ.ಗ್ರಾಂ ತೂಕದವರೆಗೆ. ಮೀನು ಮಾರುಕಟ್ಟೆಯಲ್ಲಿ ಇದರ ಹೆಸರು ರೂಪ್‌ಚಂದ್.

(ಉ) ಕ್ಲೌನ್ ಲೋಚ್: ಸುಮಾತ್ರಾ ಮತ್ತು ಬೋರ್ನಿಯೊ ಮೂಲ, ಸುಮಾರು 30 ಸೆಂ.ಮೀ.

(ಊ) ಸಿಲ್ವರ್ ಡಾಲರ್: ದಕ್ಷಿಣ ಅಮೆರಿಕ ಮೂಲ, ಸುಮಾರು 15 ಸೆಂ.ಮೀ.

(ಋ) ಡೆನಿಸನ್ ಬಾರ್ಬ್ ಅಥವಾ ಮಿಸ್ ಕೇರಳ: ಪಶ್ಚಿಮ ಘಟ್ಟ ಮೂಲ, ಸುಮಾರು 15 ಸೆಂ.ಮೀ.

ಮೇಲ್ಕಂಡ ಪಟ್ಟಿಯಲ್ಲಿ ಪಂಗಾಸಿಯಸ್ ಮತ್ತು ಪಾಕು ಮೀನುಗಳ ವಿಷಯ ವಿಶೇಷವಾಗಿ ಗಮನಾರ್ಹ. ಇವೆರಡೂ ವಾಸ್ತವವಾಗಿ ಆಹಾರದ ಮೀನುಗಳು. ಉಪಾಹಾರ ಗೃಹಗಳಲ್ಲಿ 'ಬಾಸಾ' ಎಂಬ ಹೆಸರಿನಲ್ಲಿ ಬಡಿಸಲಾಗುವ ಮುಳ್ಳಿಲ್ಲದ ಬಿಳಿ ಮಾಂಸವು ಬಹುತೇಕ ಪಂಗಾಸಿಯಸ್ ಮೀನಿನದ್ದು. ಆಂಧ್ರಪ್ರದೇಶ ಮೊದಲಾದ ರಾಜ್ಯಗಳ ಕೊಳಗಳಲ್ಲಿ ಈ ಎರಡೂ ಮೀನುಗಳನ್ನು ವಾಣಿಜ್ಯ ಪ್ರಮಾಣದಲ್ಲಿ ಸಾಕಲಾಗುತ್ತಿದೆ. ಮೀನುಮರಿ ಉತ್ಪಾದನಾ ಕೇಂದ್ರಗಳಲ್ಲಿ ಮರಿಗಳು ಲಕ್ಷಗಟ್ಟಲೆ ದೊರೆಯುವುದರಿಂದ ಅವು ಅಕ್ವೇರಿಯಂ ಅಂಗಡಿಗೂ ಅತಿ ಕಡಿಮೆ ಬೆಲೆಗೆ ತಲುಪುತ್ತವೆ. ಎಕರೆಗಟ್ಟಲೆ ಕೊಳದಲ್ಲಿ ಬೆಳೆಯಲು ಸಿದ್ಧವಾದ ಮೀನು ಮಗುವಿನ ಹುಟ್ಟುಹಬ್ಬದ ಉಡುಗೊರೆಯಾಗಿ ಎರಡು ಅಡಿಯ ಗಾಜಿನ ತೊಟ್ಟಿಯನ್ನು ಸೇರುತ್ತದೆ. ಬೆಲೆ ಕಡಿಮೆ ಇರುವುದೇ ಇಲ್ಲಿ ಸಮಸ್ಯೆಯ ಆರಂಭ.

3. ಗುಂಪಿನ ಅವಶ್ಯಕತೆ

ಗುಂಪಾಗಿ ಈಜುವುದು ಈ ಮೀನುಗಳಿಗೆ ಆತ್ಮರಕ್ಷಣೆಯ ವ್ಯವಸ್ಥೆ. ಭಕ್ಷಕ ಪ್ರಾಣಿ ಎದುರಾದಾಗ ನೂರು ಮೀನುಗಳಲ್ಲಿ ಒಂದಾಗಿರುವ ಮೀನಿಗೆ ಅಪಾಯ ಕಡಿಮೆ. ಅಲ್ಲದೆ ಏಕಕಾಲದಲ್ಲಿ ತಿರುಗುವ ಹಿಂಡು ಭಕ್ಷಕನ ದೃಷ್ಟಿಯನ್ನು ಚದುರಿಸುತ್ತದೆ. ದೇಹದ ಇಕ್ಕೆಲಗಳಲ್ಲಿರುವ ಪಾರ್ಶ್ವರೇಖೆ ಎಂಬ ಸಂವೇದನಾ ಅಂಗದ ಮೂಲಕ ನೀರಿನ ಸೂಕ್ಷ್ಮ ಚಲನೆಯನ್ನು ಗ್ರಹಿಸಿ ಮೀನುಗಳು ಪರಸ್ಪರ ಅಂತರವನ್ನು ಕಾಯ್ದುಕೊಳ್ಳುತ್ತವೆ.

ಈ ಕಾರಣದಿಂದ ಗುಂಪುಮೀನನ್ನು ಒಂಟಿಯಾಗಿ ಅಥವಾ ಜೋಡಿಯಾಗಿ ಸಾಕುವುದು ಸೂಕ್ತವಲ್ಲ. ಒಂಟಿ ಮೀನು ಸದಾ ಬೆದರಿಕೆಯ ಸ್ಥಿತಿಯಲ್ಲಿರುತ್ತದೆ; ಮೂಲೆ ಸೇರುತ್ತದೆ, ಆಹಾರ ಬಿಡುತ್ತದೆ, ಇಲ್ಲವೇ ಜೊತೆಯ ಬೇರೆ ಮೀನುಗಳ ಮೇಲೆ ಎರಗುತ್ತದೆ. ಸಿಲ್ವರ್ ಶಾರ್ಕ್ ಬೆದರಿದಾಗ ನೀರಿನಿಂದ ಹೊರಕ್ಕೆ ನೆಗೆಯುವುದು ಸಾಮಾನ್ಯ. ಪಂಗಾಸಿಯಸ್ ಗಾಜಿಗೆ ಮುಖವನ್ನು ಅಪ್ಪಳಿಸಿಕೊಂಡು ಗಾಯ ಮಾಡಿಕೊಳ್ಳುತ್ತದೆ. ಕನಿಷ್ಠ ಐದರಿಂದ ಆರು ಮೀನುಗಳ ಗುಂಪು ಅವಶ್ಯವೆಂಬುದು ಅನುಭವಿ ಸಾಕಣೆದಾರರ ಒಮ್ಮತದ ಅಭಿಪ್ರಾಯ.

ಇಲ್ಲಿಯೇ ತೊಡಕು ಉಂಟಾಗುತ್ತದೆ. ದೊಡ್ಡ ಮೀನಿಗೆ ದೊಡ್ಡ ತೊಟ್ಟಿ ಬೇಕು. ಗುಂಪುಮೀನಿಗೆ ಸಂಖ್ಯೆ ಬೇಕು. ಎರಡೂ ಗುಣಗಳು ಒಂದೇ ಮೀನಿನಲ್ಲಿ ಸೇರಿದಾಗ ಬೇಕಾಗುವ ಸ್ಥಳವು ಅನೇಕ ಪಟ್ಟು ಹೆಚ್ಚುತ್ತದೆ. ಒಂದು ಮೀನಿಗೆ ಸಾಕಾಗುವ ತೊಟ್ಟಿಯನ್ನು ತೋರಿಸಿ ಆರು ಮೀನುಗಳನ್ನು ಮಾರುವುದೂ, ತೊಟ್ಟಿ ಸಾಲದೆಂದು ಆರರ ಬದಲು ಒಂದನ್ನೇ ಸಾಕುವುದೂ ಸಮಾನವಾಗಿ ತಪ್ಪು.

4. ಬೆಳವಣಿಗೆಯ ಲೆಕ್ಕ

ಮೀನಿನ ಉದ್ದ ಹೆಚ್ಚಿದಂತೆ ಅದರ ತೂಕವು ಸರಿಸುಮಾರು ಉದ್ದದ ಘನದ ಪ್ರಮಾಣದಲ್ಲಿ ಹೆಚ್ಚುತ್ತದೆ. 5 ಸೆಂ.ಮೀ. ಉದ್ದದ ಮರಿಯು 30 ಸೆಂ.ಮೀ. ತಲುಪಿದಾಗ ಉದ್ದ ಆರು ಪಟ್ಟು ಆಗಿರುತ್ತದೆ. ತೂಕವಾದರೋ ಆರು ಗುಣಿಸು ಆರು ಗುಣಿಸು ಆರು, ಅಂದರೆ ಸುಮಾರು 216 ಪಟ್ಟು. ತಿನ್ನುವ ಆಹಾರ, ಬಳಸುವ ಆಮ್ಲಜನಕ ಹಾಗೂ ವಿಸರ್ಜಿಸುವ ಅಮೋನಿಯಾ ಇದೇ ದರದಲ್ಲಿ ಅಲ್ಲದಿದ್ದರೂ ಇದರ ಹಿಂದೆಯೇ ಏರುತ್ತವೆ. ಆರು ಮರಿಗಳಿಗೆ ಹೊಂದಿಕೆಯಾಗಿದ್ದ ಶೋಧಕವು ಆರು ಪ್ರೌಢ ಮೀನುಗಳಿಗೆ ಏಕೆ ಸಾಲದು ಎಂಬುದನ್ನು ಈ ಒಂದು ಲೆಕ್ಕವೇ ವಿವರಿಸುತ್ತದೆ.

ಮೀನು ತೊಟ್ಟಿಯ ಗಾತ್ರಕ್ಕೆ ತಕ್ಕಷ್ಟೇ ಬೆಳೆಯುತ್ತದೆ ಎಂಬ ಮಾತು ವ್ಯಾಪಕವಾಗಿ ಪ್ರಚಲಿತದಲ್ಲಿದೆ. ಇದು ಅರ್ಧಸತ್ಯ. ಇಕ್ಕಟ್ಟಿನಲ್ಲಿ ಬೆಳವಣಿಗೆ ಕುಂಠಿತವಾಗುವುದು ನಿಜ. ಆದರೆ ಅದು ಹೊಂದಾಣಿಕೆಯಲ್ಲ, ಕಲುಷಿತ ನೀರು ಮತ್ತು ಸತತ ಒತ್ತಡದ ಪರಿಣಾಮ. ಬೆನ್ನುಮೂಳೆ ಬಾಗುವುದು, ರೋಗನಿರೋಧಕ ಶಕ್ತಿ ಕುಂದುವುದು, ಆಯಸ್ಸು ಮುಗಿಯುವ ಮೊದಲೇ ಸಾಯುವುದು ಇದರ ಲಕ್ಷಣಗಳು. ಸರಿಯಾದ ವ್ಯವಸ್ಥೆಯಲ್ಲಿ ಸಿಲ್ವರ್ ಶಾರ್ಕ್ ಹತ್ತು ವರ್ಷ ಬಾಳಬಲ್ಲದು. ಕ್ಲೌನ್ ಲೋಚ್ ಇಪ್ಪತ್ತು ವರ್ಷಗಳನ್ನು ಮೀರಬಲ್ಲದು. ಎರಡನೇ ವರ್ಷದಲ್ಲಿ ಸತ್ತ ಮೀನನ್ನು 'ಇಷ್ಟೇ ಆಯಸ್ಸು' ಎಂದು ಭಾವಿಸಿ ಅದೇ ತೊಟ್ಟಿಗೆ ಹೊಸ ಮರಿಗಳನ್ನು ತರುವ ಪರಿಪಾಠದಿಂದ ಸಮಸ್ಯೆಯು ಕಣ್ಣಿಗೆ ಬೀಳದೆ ಉಳಿದಿದೆ.

5. ಸ್ಥಳ, ಭಾರ, ವಿದ್ಯುತ್ ಮತ್ತು ನೀರು

ಸಾಕಣೆಯ ವೆಚ್ಚದಲ್ಲಿ ಮೀನಿನ ಖರೀದಿ ಬೆಲೆ ಅತ್ಯಲ್ಪ ಭಾಗ. ಉಳಿದ ಬಾಬ್ತುಗಳನ್ನು ಖರೀದಿಗೆ ಮುನ್ನವೇ ಲೆಕ್ಕಹಾಕುವುದು ಅಪೇಕ್ಷಣೀಯ.

5.1 ಸ್ಥಳ. ಮಧ್ಯಮ ವರ್ಗದ ಮನೆಗಳಲ್ಲಿ ದೊಡ್ಡದೆಂದು ಪರಿಗಣಿಸಲಾಗುವ ತೊಟ್ಟಿಯು 4 ಅಡಿ ಉದ್ದ, 1.5 ಅಡಿ ಅಗಲ, 1.5 ಅಡಿ ಎತ್ತರವಿರುತ್ತದೆ. ಅದರ ಘನಫಲ 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ಅದರ ಅಗಲ 45 ಸೆಂ.ಮೀ. ಮಾತ್ರ. 35 ಸೆಂ.ಮೀ. ಬೆಳೆದ ಮೀನು ಅಲ್ಲಿ ತಿರುಗಿಕೊಳ್ಳಲೂ ಪ್ರಯಾಸಪಡಬೇಕು. ಆರು ಸಿಲ್ವರ್ ಶಾರ್ಕ್‌ಗಳು ಗುಂಪಾಗಿ ಈಜಲು 8 ಅಡಿ ಉದ್ದ, 2.5 ಅಡಿ ಅಗಲ, 2.5 ಅಡಿ ಎತ್ತರದ ತೊಟ್ಟಿಯಾದರೂ ಬೇಕು. ಅದರ ಸಾಮರ್ಥ್ಯ 50 ಘನ ಅಡಿ, ಅಂದರೆ ಸುಮಾರು 1,415 ಲೀಟರ್. ಪಂಗಾಸಿಯಸ್ ಮತ್ತು ಪಾಕು ಮೀನುಗಳಿಗೆ ಇದೂ ಸಾಲದು. ಅವುಗಳನ್ನು ಮನೆಯೊಳಗಿನ ತೊಟ್ಟಿಗೆ ಯೋಗ್ಯವೆಂದು ಪರಿಗಣಿಸಲಾಗದು.

5.2 ಭಾರ. 1,415 ಲೀಟರ್ ನೀರಿನ ತೂಕವೇ 1.4 ಟನ್ ಮೀರುತ್ತದೆ. ಗಾಜು, ಮರಳು, ಕಲ್ಲು ಮತ್ತು ಕಬ್ಬಿಣದ ಚೌಕಟ್ಟಿನ ತೂಕ ಪ್ರತ್ಯೇಕ. 2.5 ಅಡಿ ಎತ್ತರದ ನೀರು ತನ್ನ ಕೆಳಗಿನ ನೆಲದ ಮೇಲೆ ಪ್ರತಿ ಚದರ ಮೀಟರಿಗೆ ಸುಮಾರು 760 ಕಿ.ಗ್ರಾಂ ಭಾರ ಹೇರುತ್ತದೆ. ಭಾರತೀಯ ಮಾನಕ 875ರ ಎರಡನೇ ಭಾಗದ ಅನ್ವಯ ವಾಸದ ಕೊಠಡಿಗಳ ನೆಲವನ್ನು ಪ್ರತಿ ಚದರ ಮೀಟರಿಗೆ ಸುಮಾರು 200 ಕಿ.ಗ್ರಾಂ ಚರಭಾರಕ್ಕೆ ವಿನ್ಯಾಸಗೊಳಿಸಲಾಗುತ್ತದೆ. ತೊಟ್ಟಿಯು ಕೊಠಡಿಯ ಒಂದು ಭಾಗವನ್ನು ಮಾತ್ರ ಆಕ್ರಮಿಸುವುದರಿಂದ ನೇರ ಹೋಲಿಕೆ ಸರಿಯಲ್ಲವಾದರೂ, ಮಹಡಿಯ ಮನೆಗಳಲ್ಲಿ ಇಂತಹ ತೊಟ್ಟಿಯನ್ನು ಇರಿಸುವ ಮುನ್ನ ಕಟ್ಟಡದ ಎಂಜಿನಿಯರ್ ಅವರ ಅಭಿಪ್ರಾಯ ಪಡೆಯುವುದು ಅತ್ಯಗತ್ಯ. ಬಾಡಿಗೆದಾರರು ಮಾಲೀಕರ ಒಪ್ಪಿಗೆಯನ್ನೂ ಪಡೆಯತಕ್ಕದ್ದು.

5.3 ವಿದ್ಯುತ್. ಶೋಧಕದ ಪಂಪನ್ನು ಹಗಲಿರುಳೂ ನಡೆಸಬೇಕು. 60 ವ್ಯಾಟ್ ಸಾಮರ್ಥ್ಯದ ಪಂಪು ದಿನಕ್ಕೆ 1.44 ಯೂನಿಟ್, 30 ದಿನಗಳಿಗೆ ಸುಮಾರು 43 ಯೂನಿಟ್ ಬಳಸುತ್ತದೆ. ಕರ್ನಾಟಕದಲ್ಲಿ 2023ರ ಜುಲೈ ತಿಂಗಳಿನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ಗಳ ಮಿತಿಯೊಳಗೆ, 2022-23ನೇ ಸಾಲಿನ ಸರಾಸರಿ ಬಳಕೆ ಹಾಗೂ ಅದರ ಮೇಲೆ ಶೇ. 10ರಷ್ಟು ಹೆಚ್ಚುವರಿಯನ್ನು ಅರ್ಹ ಪ್ರಮಾಣವೆಂದು ನಿಗದಿಪಡಿಸಲಾಯಿತು. ಈ ಸೂತ್ರದಂತೆ ತಿಂಗಳಿಗೆ 100 ಯೂನಿಟ್ ಸರಾಸರಿ ಇದ್ದ ಕುಟುಂಬದ ಅರ್ಹ ಪ್ರಮಾಣ 110 ಯೂನಿಟ್. ತೊಟ್ಟಿಯ ಪಂಪು ಸೇರಿ ಬಳಕೆ 143 ಯೂನಿಟ್ ಆದಲ್ಲಿ 33 ಯೂನಿಟ್‌ಗಳ ಶುಲ್ಕವನ್ನು ಕುಟುಂಬವೇ ಭರಿಸಬೇಕಾಗುತ್ತದೆ. ಮೊತ್ತ ದೊಡ್ಡದಲ್ಲದಿರಬಹುದು, ಆದರೆ ಅದು ಮೀನು ಬದುಕಿರುವವರೆಗೂ, ಅಂದರೆ ಹತ್ತು ವರ್ಷ, ಪ್ರತಿ ತಿಂಗಳೂ ಬರುವ ವೆಚ್ಚ.

ವಿದ್ಯುತ್ ಕಡಿತದ ಸಂದರ್ಭವನ್ನೂ ಗಮನದಲ್ಲಿರಿಸಬೇಕು. 20 ಡಿಗ್ರಿ ಸೆಲ್ಸಿಯಸ್ ತಾಪಮಾನದ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. 30 ಡಿಗ್ರಿಯಲ್ಲಿ ಅದು ಸುಮಾರು 7.5 ಮಿಲಿಗ್ರಾಂಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಕೆಲವೇ ಗಂಟೆ ಪಂಪು ನಿಂತರೂ ದೊಡ್ಡ ಮೀನುಗಳಿಂದ ಕಿಕ್ಕಿರಿದ ತೊಟ್ಟಿಯಲ್ಲಿ ಉಸಿರುಗಟ್ಟುವ ಸ್ಥಿತಿ ಉಂಟಾಗುತ್ತದೆ. ಬ್ಯಾಟರಿ ಚಾಲಿತ ವಾಯುಪಂಪು ಇಲ್ಲಿ ಅನುಕೂಲಕ್ಕೆ ಒದಗುತ್ತದೆ.

5.4 ನೀರು. ಮೀನುಗಳು ಮುಖ್ಯವಾಗಿ ಕಿವಿರುಗಳ ಮೂಲಕ ವಿಸರ್ಜಿಸುವ ಅಮೋನಿಯಾ ವಿಷಕಾರಿ. ಶೋಧಕದಲ್ಲಿ ನೆಲೆಗೊಳ್ಳುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ, ಅನಂತರ ಕಡಿಮೆ ಅಪಾಯಕಾರಿಯಾದ ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ಮತ್ತು ಮೀನು ಎರಡನ್ನೂ ಒಂದೇ ದಿನ ಖರೀದಿಸಿ ತಂದಾಗ ವಾರದೊಳಗೆ ಮೀನುಗಳು ಸಾಯುವುದಕ್ಕೆ ಇದೇ ಪ್ರಧಾನ ಕಾರಣ. ಸಂಗ್ರಹವಾಗುವ ನೈಟ್ರೇಟನ್ನು ಹೊರಹಾಕಲು ವಾರಕ್ಕೆ ಕಾಲುಭಾಗದಷ್ಟು ನೀರನ್ನು ಬದಲಾಯಿಸಬೇಕು. 8 ಅಡಿಯ ತೊಟ್ಟಿಗೆ ಇದು ವಾರಕ್ಕೆ ಸುಮಾರು 350 ಲೀಟರ್, ತಿಂಗಳಿಗೆ ಸುಮಾರು 1,400 ಲೀಟರ್.

2024ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರು ತೀವ್ರ ನೀರಿನ ಅಭಾವವನ್ನು ಎದುರಿಸಿದಾಗ ಜಲಮಂಡಳಿಯು ವಾಹನ ತೊಳೆಯಲು, ಕೈತೋಟಕ್ಕೆ ಹಾಗೂ ಕಾರಂಜಿ ಮುಂತಾದ ಮನರಂಜನೆಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ಉಲ್ಲಂಘನೆಗೆ ರೂ. 5,000 ದಂಡವನ್ನು ವಿಧಿಸಿತ್ತು. ಟ್ಯಾಂಕರ್ ನೀರನ್ನು ಅವಲಂಬಿಸಿದ ಬಡಾವಣೆಗಳಲ್ಲಿ ಅಂದು ಮನುಷ್ಯರ ಸ್ನಾನಕ್ಕೂ ಲೆಕ್ಕವಿತ್ತು. ಅಂತಹ ವರ್ಷ ಮತ್ತೆ ಬಂದಾಗ ತೊಟ್ಟಿಗೆ ನೀರನ್ನು ಎಲ್ಲಿಂದ ತರಬೇಕೆಂಬುದನ್ನು ಮೊದಲೇ ಯೋಚಿಸುವುದು ವಿವೇಕ. ತೊಟ್ಟಿಯಿಂದ ತೆಗೆದ ನೀರು ಗಿಡಗಳಿಗೆ ಉತ್ತಮ ಗೊಬ್ಬರವಾದ್ದರಿಂದ ಅದನ್ನು ಚರಂಡಿಗೆ ಚೆಲ್ಲಬಾರದು. ನಲ್ಲಿಯ ನೀರಿನಲ್ಲಿರುವ ಕ್ಲೋರಿನ್ ಅಂಶವು ಕಿವಿರುಗಳಿಗೂ ಶೋಧಕದ ಬ್ಯಾಕ್ಟೀರಿಯಾಗಳಿಗೂ ಹಾನಿಕರವಾದ್ದರಿಂದ, ಬಳಕೆಗೆ ಮುನ್ನ ಸೋಡಿಯಂ ಥಯೋಸಲ್ಫೇಟ್ ದ್ರಾವಣದಿಂದ ಅದನ್ನು ನಿವಾರಿಸಬೇಕು.

6. ತೊಟ್ಟಿಯಿಂದ ಕೆರೆಗೆ

ಮೇಲಿನ ಲೆಕ್ಕವನ್ನು ಮಾಡದೆ ಮೀನು ತಂದ ಕುಟುಂಬವು ಒಂದೆರಡು ವರ್ಷಗಳ ಬಳಿಕ ಸಂದಿಗ್ಧಕ್ಕೆ ಸಿಲುಕುತ್ತದೆ. ಮಕ್ಕಳು ಹೆಸರಿಟ್ಟು ಸಾಕಿದ ಮೀನನ್ನು ಕೊಲ್ಲಲು ಮನಸ್ಸಾಗದು. ಅಂಗಡಿಯವರು ಹಿಂಪಡೆಯಲು ಒಪ್ಪಿರುವುದಿಲ್ಲ. ಮನೆ ಬದಲಾಯಿಸುವ ದಿನ ಸಮೀಪಿಸಿರುತ್ತದೆ. ಕಡೆಗೆ, ಸಂಜೆಗತ್ತಲಲ್ಲಿ ಬಕೆಟ್ಟಿನೊಂದಿಗೆ ಕೆರೆಯ ದಂಡೆಗೆ ನಡೆದು ಮೀನುಗಳನ್ನು ಬಿಡಲಾಗುತ್ತದೆ. ಬಿಟ್ಟವರ ಮನಸ್ಸಿನಲ್ಲಿ ಅದು ಜೀವದಾನ, ಪುಣ್ಯದ ಕೆಲಸ. ಇಲ್ಲಿ ದುರುದ್ದೇಶವಿಲ್ಲ, ಆದರೆ ಪರಿಣಾಮವು ಉದ್ದೇಶವನ್ನು ನೋಡಿ ಬರುವುದಿಲ್ಲ.

ಮೊದಲನೆಯದಾಗಿ, ಬಿಟ್ಟ ಮೀನಿನ ಗತಿ. ಗುಳಿಗೆ ಆಹಾರಕ್ಕೆ ಒಗ್ಗಿದ, ಗಾಜಿನಾಚೆಯ ಮನುಷ್ಯನನ್ನು ಕಂಡೊಡನೆ ಮೇಲಕ್ಕೆ ಬರುವ ಮೀನು ಕೊಕ್ಕರೆಗೂ ಗಾಳಕ್ಕೂ ಸುಲಭದ ತುತ್ತು. ನಗರದ ಕೆರೆಯ ಆಮ್ಲಜನಕಹೀನ ನೀರಿನಲ್ಲಿ ಹಲವು ಮೀನುಗಳು ಬೆಳಗಾಗುವುದರೊಳಗೆ ಸಾಯುತ್ತವೆ.

ಎರಡನೆಯದಾಗಿ, ಬದುಕುಳಿದ ಮೀನಿನಿಂದ ಕೆರೆಗೆ ಆಗುವ ಪರಿಣಾಮ. ಪಂಗಾಸಿಯಸ್ ಮೀನಿಗೆ ವಾಯುಮಂಡಲದ ಗಾಳಿಯನ್ನು ಉಸಿರಾಡುವ ಸಾಮರ್ಥ್ಯವಿರುವುದರಿಂದ ಅದು ಕಲುಷಿತ ನೀರಿನಲ್ಲಿಯೂ ತಾಳಿಕೊಳ್ಳುತ್ತದೆ. ಪಾಕು ಮತ್ತು ಪಂಗಾಸಿಯಸ್ ನದಿಯಲ್ಲಿ ವಲಸೆ ಹೋಗಿ ಮೊಟ್ಟೆಯಿಡುವ ಜಾತಿಗಳು. ಮರಿ ಉತ್ಪಾದನಾ ಕೇಂದ್ರಗಳಲ್ಲಿ ಹಾರ್ಮೋನ್ ಚುಚ್ಚುಮದ್ದಿನಿಂದ ಅವುಗಳ ಸಂತಾನೋತ್ಪತ್ತಿ ಮಾಡಿಸಲಾಗುತ್ತದೆ. ಆದ್ದರಿಂದ ನಿಂತ ನೀರಿನ ಕೆರೆಯಲ್ಲಿ ಅವು ಸಂಖ್ಯೆಯಲ್ಲಿ ಹೆಚ್ಚುವ ಸಂಭವ ಕಡಿಮೆ. ಆದರೆ ಕೋಡಿ ಬಿದ್ದ ಕೆರೆಯಿಂದ ಹಳ್ಳಕ್ಕೆ, ಹಳ್ಳದಿಂದ ನದಿಗೆ ದಾರಿಯಿದೆ. ಒಂಟಿ ಮೀನನ್ನು ಬಿಟ್ಟಲ್ಲಿ ಅದರ ಸಾವಿನೊಂದಿಗೆ ವಿಷಯ ಮುಗಿಯಬಹುದು. ಗುಂಪುಮೀನುಗಳನ್ನು ಬಿಡುವುದು ಗುಂಪಾಗಿಯೇ. ಗಂಡು ಹೆಣ್ಣು ಎರಡೂ ಅದರಲ್ಲಿರುತ್ತವೆ. ಸಕ್ಕರ್ ಮೀನಾದರೋ ಕೆರೆಯ ದಂಡೆಯಲ್ಲಿ ಬಿಲ ತೋಡಿ ಅಲ್ಲಿಯೇ ಮರಿಮಾಡುತ್ತದೆ. ತೊಟ್ಟಿಯ ಗಾಜು ಶುಚಿಗೊಳಿಸಲೆಂದು ತಂದ ಈ ಮೀನನ್ನು ದೊಡ್ಡ ಮೀನುಗಳೊಂದಿಗೆ ಅದೇ ಬಕೆಟ್ಟಿನಲ್ಲಿ ಬಿಡುವುದು ಸಾಮಾನ್ಯ.

ಮೂರನೆಯದಾಗಿ, ಕೆರೆಯನ್ನು ನಂಬಿದವರ ಜೀವನೋಪಾಯ. ರಾಜ್ಯದ ಅನೇಕ ಕೆರೆಗಳ ಮೀನು ಪಾಶುವಾರು ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳು ಗುತ್ತಿಗೆಗೆ ಪಡೆದು, ಸ್ವಂತ ಹಣದಿಂದ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿತ್ತುತ್ತವೆ. ಗುತ್ತಿಗೆಯ ಹಣ, ಮರಿಗಳ ಹಣ ಮತ್ತು ಕಾವಲಿನ ಶ್ರಮ ಇವೆಲ್ಲವೂ ಬಲೆ ಎಳೆಯುವ ದಿನ ಹಿಂದಿರುಗಬೇಕು. ಬಿತ್ತಿದ ಮರಿಗಳ ಆಹಾರವನ್ನು ಬೇರೆ ಮೀನು ತಿಂದರೆ ಅಥವಾ ಮುಳ್ಳಿನ ಕವಚದ ಸಕ್ಕರ್ ಮೀನುಗಳು ಬಲೆಯನ್ನು ಹರಿದರೆ ನಷ್ಟವು ಸಂಘದ ಸದಸ್ಯರದ್ದು. ಬಕೆಟ್ಟನ್ನು ಬರಿದು ಮಾಡಿ ಹಿಂದಿರುಗಿದವರಿಗೆ ಈ ನಷ್ಟ ಎಂದೂ ತಿಳಿಯುವುದಿಲ್ಲ.

ಒಮ್ಮೆ ನೆಲೆಸಿದ ಮೀನನ್ನು ತೆಗೆಯುವುದು ಎಷ್ಟು ಕಷ್ಟವೆಂಬುದಕ್ಕೆ ಆಫ್ರಿಕನ್ ಕ್ಯಾಟ್‌ಫಿಶ್ ಉದಾಹರಣೆ. ಇದರ ಸಾಕಣೆಯನ್ನು ಕೇಂದ್ರ ಸರ್ಕಾರವು 2000ನೇ ಇಸವಿಯಲ್ಲಿಯೇ ನಿಷೇಧಿಸಿದೆ. ಆದರೂ ಎರಡು ದಶಕಗಳ ನಂತರವೂ ಅಕ್ರಮ ಕೊಳಗಳ ತೆರವು ಕಾರ್ಯಾಚರಣೆ ಮುಗಿದಿಲ್ಲ.

7. ಮಿಸ್ ಕೇರಳ: ವಿರುದ್ಧ ದಿಕ್ಕಿನ ಪಾಠ

ವಿದೇಶಿ ಮೀನು ಕೆರೆ ಸೇರುವುದು ಸಮಸ್ಯೆಯ ಒಂದು ಮುಖವಾದರೆ, ಸ್ವದೇಶಿ ಮೀನು ನದಿಯಿಂದ ಬರಿದಾಗುವುದು ಇನ್ನೊಂದು ಮುಖ. ಪಶ್ಚಿಮ ಘಟ್ಟದ ಹೊಳೆಗಳಲ್ಲಿ ಮಾತ್ರ ವಾಸಿಸುವ ಡೆನಿಸನ್ ಬಾರ್ಬ್ ಮೀನನ್ನು 1865ರಲ್ಲಿ ಫ್ರಾನ್ಸಿಸ್ ಡೇ ಮೊದಲ ಬಾರಿಗೆ ವೈಜ್ಞಾನಿಕವಾಗಿ ವಿವರಿಸಿ, ಅಂದಿನ ಮದರಾಸು ಗವರ್ನರ್ ಡೆನಿಸನ್ ಅವರ ಹೆಸರನ್ನು ಇರಿಸಿದರು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ ಸುಳ್ಯದ ಮೂಲಕ ಪಯಸ್ವಿನಿಯಾಗಿ ಹರಿದು ಕಾಸರಗೋಡು ಸೇರುವ ಚಂದ್ರಗಿರಿ ನದಿಯು ಇದರ ನೆಲೆಗಳಲ್ಲೊಂದು. ಆದ್ದರಿಂದ ಹೆಸರು ಕೇರಳದ್ದಾದರೂ ಹೊಣೆ ಎರಡೂ ರಾಜ್ಯಗಳದ್ದು.

1997ರಲ್ಲಿ ಸಿಂಗಪುರದ ಅಕ್ವರಾಮಾ ಪ್ರದರ್ಶನದಲ್ಲಿ ಈ ಮೀನು ಮನ್ನಣೆ ಗಳಿಸಿದ ತರುವಾಯ ವಿದೇಶಗಳಿಂದ ಬೇಡಿಕೆ ಏರಿತು. ಗುಂಪಾಗಿ ಈಜುವ ಗುಣವೇ ಇದಕ್ಕೆ ಮುಳುವಾಯಿತು. ಒಂದು ಮಡುವಿಗೆ ಬಲೆ ಬೀಸಿದರೆ ಇಡೀ ಹಿಂಡು ಸಿಕ್ಕಿಬೀಳುತ್ತಿತ್ತು. ಕೇರಳ ಸರ್ಕಾರವು 2008ರಲ್ಲಿ ಹಿಡಿಯುವಿಕೆಗೆ ನಿರ್ಬಂಧಗಳನ್ನು ವಿಧಿಸಿ ಕೆಲವು ತಿಂಗಳುಗಳನ್ನು ನಿಷೇಧಿತ ಅವಧಿಯೆಂದು ಘೋಷಿಸಿತಾದರೂ, ಮೀನಿನ ಸಂತಾನೋತ್ಪತ್ತಿಯ ಅವಧಿಯೊಂದಿಗೆ ಆ ತಿಂಗಳುಗಳು ಸರಿಹೊಂದುವುದಿಲ್ಲವೆಂದು ಅನಂತರದ ಅಧ್ಯಯನಗಳು ತೋರಿಸಿದವು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ 2005ರಿಂದ 2012ರವರೆಗೆ ಭಾರತದಿಂದ ಅಪಾಯದಂಚಿನ 30 ಪ್ರಭೇದಗಳ 15 ಲಕ್ಷಕ್ಕೂ ಹೆಚ್ಚು ಸಿಹಿನೀರಿನ ಮೀನುಗಳು ರಫ್ತಾದವು. ಅವುಗಳಲ್ಲಿ ಡೆನಿಸನ್ ಬಾರ್ಬ್ ಪ್ರಮುಖವಾಗಿತ್ತು. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಈ ಮೀನು ಅಪಾಯಕ್ಕೀಡಾದ ಪ್ರಭೇದವೆಂದು ದಾಖಲಾಗಿದೆ.

ಸಮಾಧಾನದ ಸಂಗತಿಯೆಂದರೆ ಬಂಧನದಲ್ಲಿ ಇದರ ಸಂತಾನೋತ್ಪತ್ತಿ ಮಾಡಿಸುವ ತಂತ್ರಜ್ಞಾನ ಇಂದು ಲಭ್ಯವಿದೆ. ಖರೀದಿದಾರರು 'ಇದು ಸಾಕಣೆ ಕೇಂದ್ರದ ಮರಿಯೋ, ಹೊಳೆಯಿಂದ ಹಿಡಿದದ್ದೋ' ಎಂದು ವಿಚಾರಿಸಿ, ಸಾಕಣೆ ಕೇಂದ್ರದ ಮರಿಗಳನ್ನು ಮಾತ್ರ ಪಡೆದಲ್ಲಿ ಹೊಳೆಯ ಮೇಲಿನ ಒತ್ತಡ ತಗ್ಗುತ್ತದೆ.

8. ಅನ್ವಯವಾಗುವ ನಿಯಮಗಳು ಮತ್ತು ಸಹಾಯಧನ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ಕ್ಕೆ 2022ರಲ್ಲಿ ತರಲಾದ ತಿದ್ದುಪಡಿಯು ದಿನಾಂಕ 1-4-2023ರಿಂದ ಜಾರಿಗೆ ಬಂದಿದೆ. ಇದರ ಎರಡು ಅಂಶಗಳು ಮೀನು ಸಾಕುವವರಿಗೆ ಸಂಬಂಧಿಸಿವೆ. ಒಂದು, ಆಕ್ರಮಣಕಾರಿ ಅನ್ಯದೇಶೀಯ ಪ್ರಭೇದಗಳ ಆಮದು, ವ್ಯಾಪಾರ, ಸ್ವಾಧೀನ ಅಥವಾ ವೃದ್ಧಿಯನ್ನು ನಿಯಂತ್ರಿಸುವ ಇಲ್ಲವೇ ನಿಷೇಧಿಸುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ನೀಡಲಾಗಿದೆ. ಎರಡು, ಸೈಟಿಸ್ ಒಡಂಬಡಿಕೆಯ ಅನುಬಂಧಗಳಲ್ಲಿರುವ ಪ್ರಾಣಿಗಳನ್ನು ಅಧಿನಿಯಮದ ನಾಲ್ಕನೇ ಅನುಸೂಚಿಗೆ ಸೇರಿಸಿ, ಅಂತಹ ಜೀವಂತ ಪ್ರಾಣಿಗಳನ್ನು ಹೊಂದಿರುವವರು ನೋಂದಾಯಿಸಿಕೊಳ್ಳುವುದನ್ನು ಕಡ್ಡಾಯಗೊಳಿಸಲಾಗಿದೆ. ಇದಕ್ಕೆ ಸಂಬಂಧಿಸಿದ ನಿಯಮಗಳನ್ನು 2024ರ ಫೆಬ್ರವರಿಯಲ್ಲಿ ಅಧಿಸೂಚಿಸಲಾಗಿದ್ದು, ಪರಿವೇಶ್ 2.0 ಜಾಲತಾಣದ ಮೂಲಕ ಅರ್ಜಿ ಸಲ್ಲಿಸಬೇಕಾಗುತ್ತದೆ. ಏಷ್ಯನ್ ಅರೋವಾನಾ ಮತ್ತು ಅರಪೈಮಾ ಸೈಟಿಸ್ ಅನುಬಂಧಗಳಲ್ಲಿರುವ ಮೀನುಗಳು. ಈ ಲೇಖನದ ಪಟ್ಟಿಯಲ್ಲಿರುವ ಗುಂಪುಮೀನುಗಳೊಂದಿಗೆ ಅವುಗಳನ್ನು ದೊಡ್ಡ ತೊಟ್ಟಿಗಳಲ್ಲಿ ಇರಿಸುವ ರೂಢಿ ಇರುವುದರಿಂದ ಸಂಬಂಧಪಟ್ಟವರು ಇದನ್ನು ಗಮನಿಸತಕ್ಕದ್ದು.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಮಾರ್ಗಸೂಚಿಯಲ್ಲಿ ಅಲಂಕಾರಿಕ ಮೀನು ಸಾಕಣೆಗೆ ಹಿತ್ತಲ ಘಟಕ (ಘಟಕ ವೆಚ್ಚ ರೂ. 3 ಲಕ್ಷ), ಮಧ್ಯಮ ಪ್ರಮಾಣದ ಘಟಕ (ರೂ. 8 ಲಕ್ಷ) ಹಾಗೂ ಸಿಹಿನೀರಿನ ಸಮಗ್ರ ಘಟಕ (ರೂ. 25 ಲಕ್ಷ) ಎಂಬ ವರ್ಗಗಳಿದ್ದು, ಸಾಮಾನ್ಯ ವರ್ಗದವರಿಗೆ ಘಟಕ ವೆಚ್ಚದ ಶೇ. 40 ಹಾಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಮಹಿಳೆಯರಿಗೆ ಶೇ. 60 ಸಹಾಯಧನವನ್ನು ನಿಗದಿಪಡಿಸಲಾಗಿದೆ. ಸದರಿ ನೆರವು ಜೀವನೋಪಾಯಕ್ಕಾಗಿ ಮೀನು ಬೆಳೆಸುವವರಿಗೆ ಮೀಸಲು. ಮನೆಯಲ್ಲಿ ಹವ್ಯಾಸಕ್ಕಾಗಿ ಇರಿಸುವ ತೊಟ್ಟಿಗೆ ಅನ್ವಯಿಸುವುದಿಲ್ಲ. ಅರ್ಜಿ ಸಲ್ಲಿಸುವ ಮುನ್ನ ಆಯಾ ಸಾಲಿನ ಅನುದಾನದ ಲಭ್ಯತೆಯನ್ನು ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಘಟಕ ಸ್ಥಾಪಿಸುವವರು ಯಾವ ಮೀನಿಗೆ ಸ್ಥಳೀಯ ಮನೆಗಳಲ್ಲಿ ನಿಜವಾಗಿಯೂ ಸ್ಥಳವಿದೆ ಎಂಬುದನ್ನು ಪರಿಗಣಿಸಿ ಜಾತಿಯನ್ನು ಆಯ್ಕೆ ಮಾಡಿದಲ್ಲಿ ಗ್ರಾಹಕರ ವಿಶ್ವಾಸ ದೀರ್ಘಕಾಲ ಉಳಿಯುತ್ತದೆ.

9. ನಾಗರಿಕರು ಗಮನಿಸಬೇಕಾದ ಅಂಶಗಳು

(1) ಖರೀದಿಗೆ ಮುನ್ನ ಮೂರು ಪ್ರಶ್ನೆಗಳನ್ನು ಕೇಳುವುದು: ಈ ಮೀನಿನ ಪೂರ್ಣ ಗಾತ್ರವೆಷ್ಟು, ಎಷ್ಟು ಮೀನುಗಳ ಗುಂಪು ಬೇಕು, ಎಷ್ಟು ವರ್ಷ ಬಾಳುತ್ತದೆ. ಉತ್ತರ ದೊರೆಯದಿದ್ದಲ್ಲಿ ಖರೀದಿಯನ್ನು ಮುಂದೂಡುವುದು.

(2) 'ಶಾರ್ಕ್' ಎಂಬ ಹೆಸರಿನ ಮರಿಗಳು ಯಾವ ಜಾತಿಯವೆಂದು ನಿರ್ದಿಷ್ಟವಾಗಿ ವಿಚಾರಿಸುವುದು. ಪಂಗಾಸಿಯಸ್ ಮತ್ತು ಪಾಕು ಮರಿಗಳನ್ನು ಮನೆಯ ತೊಟ್ಟಿಗೆ ತರದಿರುವುದು.

(3) 2ರಿಂದ 3 ಅಡಿಯ ತೊಟ್ಟಿಯಲ್ಲಿ ಗುಂಪಿನ ಸೊಬಗನ್ನು ನೋಡಬಯಸುವವರು ಭಾರತ ಮೂಲದ ಜೀಬ್ರಾ ಡೇನಿಯೊ ಅಥವಾ ರೋಸಿ ಬಾರ್ಬ್‌ನಂತಹ ಚಿಕ್ಕ ಮೀನುಗಳನ್ನು ಆರಿಸಿಕೊಳ್ಳುವುದು. 4 ಅಡಿಯ ತೊಟ್ಟಿಯಲ್ಲಿ ತಂಪಾದ, ಸದಾ ಹರಿಯುವ ನೀರಿನ ವ್ಯವಸ್ಥೆ ಇದ್ದಲ್ಲಿ ಸಾಕಣೆ ಕೇಂದ್ರದ ಡೆನಿಸನ್ ಬಾರ್ಬ್ ಗುಂಪನ್ನು ಪರಿಗಣಿಸಬಹುದು.

(4) ಮೀನು ತರುವ ಕನಿಷ್ಠ ನಾಲ್ಕು ವಾರ ಮೊದಲೇ ತೊಟ್ಟಿ ಮತ್ತು ಶೋಧಕವನ್ನು ಸಿದ್ಧಪಡಿಸುವುದು.

(5) ಬೆಳೆದ ಮೀನನ್ನು ಹಿಂಪಡೆಯುವ ಬಗ್ಗೆ ಅಂಗಡಿಯವರೊಂದಿಗೆ ಖರೀದಿಯ ದಿನವೇ ಮಾತನಾಡಿ, ರಸೀದಿಯ ಮೇಲೆ ಬರೆಸಿಕೊಳ್ಳುವುದು.

(6) ಈಗಾಗಲೇ ಮೀನು ತೊಟ್ಟಿಯನ್ನು ಮೀರಿದ್ದಲ್ಲಿ, ದೊಡ್ಡ ತೊಟ್ಟಿಯಿರುವ ಸಾಕಣೆದಾರರಿಗೆ, ಅಂಗಡಿಗೆ ಅಥವಾ ಸಾರ್ವಜನಿಕ ಮತ್ಸ್ಯಾಲಯಕ್ಕೆ ಹಸ್ತಾಂತರಿಸಲು ಮೊದಲೇ ವಿಚಾರಿಸುವುದು. ಮಾರ್ಗದರ್ಶನಕ್ಕಾಗಿ ಸಹಾಯಕ ನಿರ್ದೇಶಕರ ಕಚೇರಿಯನ್ನು ಅಥವಾ ಹೆಸರಘಟ್ಟದ ಮೀನುಗಾರಿಕೆ ಸಂಶೋಧನೆ ಮತ್ತು ಮಾಹಿತಿ ಕೇಂದ್ರವನ್ನು ಸಂಪರ್ಕಿಸಬಹುದು.

(7) ಯಾವುದೇ ಕಾರಣಕ್ಕೂ ಅಕ್ವೇರಿಯಂ ಮೀನನ್ನು ಕೆರೆ, ಬಾವಿ, ಕಾಲುವೆ ಅಥವಾ ನದಿಗೆ ಬಿಡದಿರುವುದು. ಸ್ವದೇಶಿ ಮೀನಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ. ಒಂದು ನದಿಯ ಮೀನು ಇನ್ನೊಂದು ನದಿಗೆ ಪರಕೀಯವೇ, ಹಾಗೂ ತೊಟ್ಟಿಯ ರೋಗಾಣುಗಳು ಅದರೊಂದಿಗೆ ಹೋಗುತ್ತವೆ.

10. ಉಪಸಂಹಾರ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಮನುಷ್ಯರಿಗೆ ಹೇಳಿದ್ದು. ಕಾಲನ್ನು ಮಡಿಚಿಕೊಳ್ಳುವ ಆಯ್ಕೆ ಮನುಷ್ಯನಿಗಿದೆ, ಮೀನಿಗಿಲ್ಲ. ಅಂಗಡಿಯ ಗಾಜಿನಾಚೆ ಕಾಣುವ ಎರಡು ಅಂಗುಲದ ಮರಿಗಳನ್ನಲ್ಲದೆ, ಮೂರು ವರ್ಷಗಳ ನಂತರದ ಒಂದು ಅಡಿಯ ಆರು ಮೀನುಗಳನ್ನು ಕಲ್ಪಿಸಿಕೊಂಡು ತೀರ್ಮಾನ ಕೈಗೊಳ್ಳುವುದು ಖರೀದಿದಾರರ ಹೊಣೆ. ಕಾನೂನು ಎಷ್ಟೇ ಬಿಗಿಯಾದರೂ ಪ್ರತಿ ಮನೆಯ ತೊಟ್ಟಿಯ ಬಳಿ, ಪ್ರತಿ ಕೆರೆಯ ದಂಡೆಯಲ್ಲಿ ಸಿಬ್ಬಂದಿಯನ್ನು ನಿಲ್ಲಿಸಲು ಸಾಧ್ಯವಿಲ್ಲ. ಕೆರೆ ಉಳಿಯುವುದು ಬಕೆಟ್ಟು ಹಿಡಿದವರ ತಿಳಿವಳಿಕೆಯಿಂದಲೇ.

ದೊಡ್ಡ ಮೀನುಗಳ ಹಿಂಡನ್ನು ಕಣ್ತುಂಬ ನೋಡಬೇಕೆಂಬ ಆಸೆ ತಪ್ಪಲ್ಲ. ಶೃಂಗೇರಿಯ ತುಂಗಾ ನದಿಯ ಮೆಟ್ಟಿಲುಗಳಲ್ಲಿ, ಶಿಶಿಲದ ಕಪಿಲಾ ನದಿಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನುಗಳೆಂದು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ದೊಡ್ಡ ಮೀನುಗಳು ನೂರಾರು ಸಂಖ್ಯೆಯಲ್ಲಿ ಒಟ್ಟಾಗಿ ತಿರುಗುವುದನ್ನು ಯಾರೂ ನೋಡಬಹುದು. ಅದಕ್ಕೆ ಗಾಜು ಬೇಕಿಲ್ಲ, ಪಂಪು ಬೇಕಿಲ್ಲ. ಮಕ್ಕಳಿಗೆ ಅಂತಹ ಮೀನುಗಳನ್ನು ಅಲ್ಲಿ ತೋರಿಸಿ, ಮನೆಯ ತೊಟ್ಟಿಯಲ್ಲಿ ಅದಕ್ಕೆ ಹಿಡಿಸುವಷ್ಟೇ ಮೀನುಗಳನ್ನು ಸಾಕಬೇಕೆಂದು ನಾಗರಿಕರಲ್ಲಿ ಕೋರಲಾಗಿದೆ.